ರಿಂಗೋ ಪಾಲು

ರಿಂಗೋ ಸ್ಟಾರ್ ಜಗತ್ತಿನ ಅತ್ಯುತ್ತಮ ಡ್ರಮ್ಮರ್ ಹೌದೇ ಎಂದು ಯಾರೋ ಕೇಳಿದರಂತೆ. ಬೀಟಲ್ಸ್ ತಂಡದೊಳಗೇ ಅವನು ಅತ್ಯುತ್ತಮನಲ್ಲ ಎಂದು ಜಾನ್ ಲೆನನ್ ಹೇಳಿದನಂತೆ. ರಾಕ್ ಸಂಗೀತ ಕೇಳುವವರ ನಡುವೆ ನಾಲ್ಕು ದಶಕಗಳಿಂದ ಓಡಾಡುತ್ತಿರುವ ಈ ಕುಚೋದ್ಯಕ್ಕೆ ತಲೆಬುಡವಿಲ್ಲ. ಲೆನನ್ ಹಾಗೆ ಹೇಳಿದ್ದಕ್ಕೆ ಒಂದು ಸಂದರ್ಶನವಾಗಲಿ, ಧ್ವನಿಮುದ್ರಿಕೆಯಾಗಲಿ ಇಲ್ಲ. ಬೀಟಲ್ಸ್ ಇತಿಹಾಸವನ್ನೇ ಜೀವಮಾನದ ಕೆಲಸ ಮಾಡಿಕೊಂಡಿರುವ ಮಾರ್ಕ್ ಲೂಯಿಸನ್ ಅದರ ಜಾಡು ಹಿಡಿದು ಹೋದಾಗ ಸಿಕ್ಕಿದ್ದು 1980ರ ದಶಕದ ಆರಂಭದ ಬ್ರಿಟಿಷ್ ಹಾಸ್ಯ ಕಾರ್ಯಕ್ರಮ. ಲೆನನ್ ಕೊಲೆಯಾದದ್ದು 1980ರ ಡಿಸೆಂಬರ್ 8ರಂದು. ಹಾಸ್ಯಗಾರರ ಮಾತು ಸತ್ತವನ ಬಾಯಿಗೆ ಅಂಟಿಕೊಂಡಿತು, ಅಷ್ಟೆ. ಸಾಯುವ ಕೆಲವೇ ತಿಂಗಳು ಮುಂಚೆ ‘ಪ್ಲೇಬಾಯ್’ ಪತ್ರಿಕೆಗೆ ಕೊಟ್ಟ ದೀರ್ಘ ಸಂದರ್ಶನದಲ್ಲಿ ಲೆನನ್ ಹೇಳಿದ್ದೇ ಬೇರೆ: ತಾಂತ್ರಿಕವಾಗಿ ರಿಂಗೋ ಅಂಥ ನಿಪುಣನಲ್ಲ, ಆದರೂ ಬಹಳ ಒಳ್ಳೆಯ ಡ್ರಮ್ಮರ್; ಪಾಲ್ ಮೆಕಾರ್ಟ್ನಿಯ ಬಾಸ್ ಗಿಟಾರ್‌ಗೆ ಹೇಗೆ ತಕ್ಕ ಬೆಲೆ ಸಿಕ್ಕಿಲ್ಲವೋ ಹಾಗೇ ರಿಂಗೋನ ಡ್ರಮ್ಮಿಗೂ ಸಿಕ್ಕಿಲ್ಲ.

ಸುಳ್ಳು ಇಷ್ಟು ಕಾಲ ಬದುಕಬೇಕಾದರೆ ಅದಕ್ಕೆ ಎಲ್ಲೋ ಅನ್ನ ಸಿಗುತ್ತಿರಬೇಕು. ರಿಂಗೋ ವಿಷಯದಲ್ಲಿ ಅದು ಧಾರಾಳವಾಗಿ ಸಿಕ್ಕಿತು. ತಂಡಕ್ಕೆ ಕೊನೆಯಲ್ಲಿ ಬಂದವನು, ದೊಡ್ಡ ಮೂಗಿನವನು, ಬೆರಳ ತುಂಬ ಉಂಗುರ ತೊಟ್ಟವನು, ಸಿನಿಮಾಗಳಲ್ಲಿ ನಗಿಸುವ ಪಾತ್ರ ಗಿಟ್ಟಿಸಿದವನು, ‘ಯೆಲ್ಲೋ ಸಬ್‌ಮರೀನ್’ ಎಂಬ ಮಕ್ಕಳ ಹಾಡು ಹಾಡಿದವನು. ಮೂವರು ಪ್ರತಿಭಾವಂತರು, ಜೊತೆಗೊಬ್ಬ ಅದೃಷ್ಟವಂತ ಎಂಬ ಚಿತ್ರ ಜನರ ಮನಸ್ಸಿನಲ್ಲಿ ಸುಲಭವಾಗಿ ಕೂತುಬಿಟ್ಟಿತು. ಸಂಸ್ಥೆಗಳೂ ಅದೇ ಸಾಲಿನಲ್ಲಿ ನಿಂತವು. ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್‌ಗೆ ಇಡೀ ತಂಡ ಸೇರಿದ್ದು 1988ರಲ್ಲಿ. ಆಮೇಲೆ ಬಿಡಿ ಕಲಾವಿದರಾಗಿ ಲೆನನ್ 1994ರಲ್ಲಿ, ಮೆಕಾರ್ಟ್ನಿ 1999ರಲ್ಲಿ, ಜಾರ್ಜ್ ಹ್ಯಾರಿಸನ್ 2004ರಲ್ಲಿ ಸೇರಿದರು. ರಿಂಗೋ ಸರದಿ ಬರಲು 2015 ಆಗಬೇಕಾಯಿತು. ಪಾಲ್‌ಗೆ ‘ಸರ್’ ಪದವಿ ಬಂದದ್ದು 1997ರಲ್ಲಿ, ರಿಂಗೋಗೆ 2018ರಲ್ಲಿ. ಬಿರುದುಗಳಿಂದ ಸಂಗೀತ ಅಳೆಯಲಾಗದು ನಿಜ. ಆದರೆ ಸಾಲಿನಲ್ಲಿ ಯಾವಾಗಲೂ ಕೊನೆಗೆ ನಿಲ್ಲುವವನು ಒಬ್ಬನೇ ಎಂದರೆ ಸಾಲು ನಿಲ್ಲಿಸಿದವರ ಲೆಕ್ಕದ ಬಗ್ಗೆ ಅನುಮಾನ ಬರಬೇಕು.

ರಿಂಗೋ ಎಂದು ಹೆಸರಾದ ರಿಚರ್ಡ್ ಸ್ಟಾರ್ಕಿ ಹುಟ್ಟಿದ್ದು 1940ರ ಜುಲೈ 7ರಂದು, ಲಿವರ್‌ಪೂಲ್‌ನ ಡಿಂಗಲ್ ಎಂಬ ಬಡ ಬಡಾವಣೆಯಲ್ಲಿ. ಆರನೆಯ ವಯಸ್ಸಿನಲ್ಲಿ ಅಪೆಂಡಿಕ್ಸ್ ಒಡೆದು ಹೊಟ್ಟೆಯೆಲ್ಲ ಕೀವಾಗಿ, ಸತ್ತೇ ಹೋಗುತ್ತಾನೆ ಎನ್ನುವ ಸ್ಥಿತಿಗೆ ಹೋಗಿ ಬಂದ. ಹದಿಮೂರರಲ್ಲಿ ಎದೆಯ ಕಾಯಿಲೆ, ಮತ್ತೆ ಆಸ್ಪತ್ರೆ, ಈ ಸಲ ಹೆಚ್ಚುಕಡಿಮೆ ಎರಡು ವರ್ಷ. ಶಾಲೆ ಎಂಬುದು ಅಲ್ಲಿಗೆ ಮುಗಿಯಿತು. ಆದರೆ ಆ ಆಸ್ಪತ್ರೆಯಲ್ಲಿ ಮಕ್ಕಳ ಬೇಸರ ಕಳೆಯಲು ವಾದ್ಯಗಳನ್ನು ತಂದು ಕೊಡುತ್ತಿದ್ದರು. ಹುಡುಗ ಡ್ರಮ್ ಹಿಡಿದ. ಅದು ಕೈಗೆ ಸಿಗದಾಗ ಹಾಸಿಗೆ ಪಕ್ಕದ ಕಪಾಟನ್ನೇ ಬಡಿಯುತ್ತಿದ್ದ. 1957ರ ಕ್ರಿಸ್‌ಮಸ್‌ಗೆ ಮಲತಂದೆ ಹ್ಯಾರಿ ಗ್ರೇವ್ಸ್ ಹಳೆಯ ಡ್ರಮ್ ಸೆಟ್ಟೊಂದನ್ನು ತಂದುಕೊಟ್ಟ.

ಇನ್ನೊಂದು ಸಂಗತಿ ಇದಕ್ಕಿಂತ ಮುಖ್ಯ. ಹುಡುಗ ಎಡಚ. ಎಡಗೈ ಬಳಕೆ ಅಪಶಕುನ ಎಂದು ನಂಬಿದ್ದ ಅಜ್ಜಿ ಅವನಿಗೆ ಬಲಗೈಯಲ್ಲಿ ಬರೆಯುವುದನ್ನು ರೂಢಿ ಮಾಡಿಸಿದಳು. ಹೀಗೆ ಎಡಗೈ ಮನಸ್ಸಿನವನು ಬಲಗೈಯವರಿಗಾಗಿ ಜೋಡಿಸಿದ ಡ್ರಮ್ಮಿನ ಹಿಂದೆ ಕೂತ. ಅವನ ಶೈಲಿಯ ಅರ್ಧ ಗುಟ್ಟು ಇದರಲ್ಲೇ ಇದೆ.

ಡ್ರಮ್ ಸೆಟ್ಟಿನ ಸಾಮಾನ್ಯ ಜೋಡಣೆ ಹೀಗೆ: ಎಡಕ್ಕೆ ಎರಡು ತಟ್ಟೆ ಸೇರಿದ ಹೈ-ಹ್ಯಾಟ್, ಎದುರಿಗೆ ಸ್ನೇರ್, ಅದರ ಮೇಲೆ ಚಿಕ್ಕ ಟಾಮ್, ಬಲಕ್ಕೆ ನೆಲದ ಮೇಲೆ ನಿಂತ ದೊಡ್ಡ ಟಾಮ್, ಕಾಲಡಿಗೆ ಬಾಸ್ ಡ್ರಮ್ಮಿನ ಪೆಡಲ್. ಹಾಡಿನ ಒಂದು ಸಾಲಿನಿಂದ ಇನ್ನೊಂದಕ್ಕೆ ದಾಟುವಾಗ ಡ್ರಮ್ಮರ್ ಹಾಕುವ ತುಂಬುಪೆಟ್ಟುಗಳಿಗೆ ಫಿಲ್ ಎನ್ನುತ್ತಾರೆ. ಬಲಗೈಯವನು ಬಲಗೈಯಿಂದ ಶುರುಮಾಡಿ ಸ್ನೇರ್, ಚಿಕ್ಕ ಟಾಮ್, ದೊಡ್ಡ ಟಾಮ್ ಎಂದು ಎಡದಿಂದ ಬಲಕ್ಕೆ ಸರಾಗವಾಗಿ ಉರುಳುತ್ತಾನೆ. ರಿಂಗೋ ಎಡಗೈಯಿಂದ ಶುರುಮಾಡುವವನು. ಅದೇ ದಾರಿಯಲ್ಲಿ ಹೋದರೆ ಕೈಗೆ ಕೈ ತೊಡರುತ್ತದೆ. ಆದ್ದರಿಂದ ಆತ ಒಂದೋ ಉಲ್ಟಾ ದಿಕ್ಕಿನಲ್ಲಿ ಬರುತ್ತಾನೆ, ಇಲ್ಲವೇ ಒಂದು ಕ್ಷಣ ತಡೆದು ಕೈ ಬದಲಿಸಿಕೊಳ್ಳುತ್ತಾನೆ. ಆ ತಡೆಯೇ ನಮ್ಮ ಕಿವಿಗೆ ಬೀಳುವ ರಿಂಗೋ. ಪೆಟ್ಟು ಬೀಳಬೇಕಾದ ಹೊತ್ತಿಗಿಂತ ಕೂದಲೆಳೆಯಷ್ಟು ಹಿಂದೆ ಬೀಳುತ್ತದೆ, ಆದರೆ ತಾಳ ತಪ್ಪುವುದಿಲ್ಲ. ‘ಕಮ್ ಟುಗೆದರ್’ (1969) ಶುರುವಾಗುವುದೇ ಇಂಥದ್ದೊಂದು ಉರುಳಿನಿಂದ: ಮೇಲೆ ಹೈ-ಹ್ಯಾಟಿನಲ್ಲಿ ಚಿಮ್ಮಿ, ಟಾಮ್‌ಗಳ ಮೇಲಿಂದ ಕೆಳಗೆ ಜಾರುವ ಪೆಟ್ಟುಗಳು, ಚರ್ಮದ ಮೇಲೆ ಹೊದಿಸಿದ ಬಟ್ಟೆಯಿಂದಾಗಿ ಮಂಕಾದ ಸದ್ದು. ಬಲಗೈಯ ಡ್ರಮ್ಮರ್‌ಗಳು ಅದನ್ನು ನುಡಿಸಬಲ್ಲರು. ಅದೇ ಹದ ಬರಿಸಲು ಮಾತ್ರ ಹೆಣಗುತ್ತಾರೆ.

ಆರಂಭದ ಹಾಡುಗಳಲ್ಲಿ ಇನ್ನೊಂದು ಬಗೆ. 1963ರ ‘ಶಿ ಲವ್ಸ್ ಯೂ’ ಹಾಡಿಗೆ ಬಾಗಿಲು ತೆಗೆಯುವುದು ಟಾಮಿನ ಮೇಲಿನ ಒಂದು ಪುಟ್ಟ ಗುಡುಗು. ಆಮೇಲೆ ಹೈ-ಹ್ಯಾಟನ್ನು ಪೂರ್ತಿ ಮುಚ್ಚದೆ, ಕೋಲನ್ನು ಮೇಲಿಂದ ಕುಟ್ಟದೆ ಅಕ್ಕಪಕ್ಕ ಬೀಸುತ್ತ ಬಾರಿಸುವ ಆ ಪರಿ. ಎರಡು ತಟ್ಟೆಗಳು ಒಂದಕ್ಕೊಂದು ತಾಗಿ ಭೋರೆನ್ನುವ ಸದ್ದು ಗಿಟಾರ್‌ಗಳ ನಡುವಿನ ಬಿರುಕನ್ನೆಲ್ಲ ತುಂಬಿಬಿಡುತ್ತದೆ. ಆಗಿನ ಜಾಜ್ ಡ್ರಮ್ಮರ್‌ಗಳಲ್ಲಿ ಹೆಚ್ಚಿನವರು ಎಡಗೈ ಕೋಲನ್ನು ಅಂಗೈ ಮೇಲುಮಾಡಿ, ಬೆರಳ ಸಂದಿನಲ್ಲಿ ಹಿಡಿಯುತ್ತಿದ್ದರು. ರಿಂಗೋ ಎರಡನ್ನೂ ಸುತ್ತಿಗೆ ಹಿಡಿದ ಹಾಗೆ ಹಿಡಿದ. 1964ರ ಫೆಬ್ರವರಿ 9ರಂದು ಎಡ್ ಸಲಿವನ್ ಕಾರ್ಯಕ್ರಮವನ್ನು ಅಮೆರಿಕದಲ್ಲಿ ಸುಮಾರು 7.3 ಕೋಟಿ ಜನ ಟಿವಿಯಲ್ಲಿ ನೋಡಿದರು. ಎತ್ತರದ ಕಟ್ಟೆಯ ಮೇಲೆ ಕೂತು, ತಲೆ ಕೊಡವುತ್ತ ಬಾರಿಸುವ ಈ ಮನುಷ್ಯ ಅಂದು ಎಷ್ಟು ಹುಡುಗರ ಕೈಗೆ ಕೋಲು ಕೊಟ್ಟನೋ! ಅಮೆರಿಕದ ಡ್ರಮ್ಮರ್‌ಗಳ ಒಂದು ಇಡೀ ತಲೆಮಾರು ತಾವು ಈ ವಾದ್ಯ ಹಿಡಿದದ್ದೇ ಆ ರಾತ್ರಿಯಿಂದ ಎನ್ನುತ್ತದೆ. ಅವನ ಬಾಸ್ ಡ್ರಮ್ಮಿನ ಮೇಲೆ ಹೆಸರಿದ್ದ ಲುಡ್ವಿಗ್ ಕಂಪನಿಗೆ ಬೇಡಿಕೆ ಪೂರೈಸುವುದೇ ಕಷ್ಟವಾಯಿತು.

ಇಲ್ಲಿ ವಿರೋಧಿಗಳ ಮೊದಲ ಸಾಕ್ಷ್ಯವನ್ನು ಎತ್ತಿಕೊಳ್ಳೋಣ. 1962ರ ಆಗಸ್ಟ್‌ನಲ್ಲಿ ಪೀಟ್ ಬೆಸ್ಟ್‌ನನ್ನು ಕೈಬಿಟ್ಟು ರಿಂಗೋನನ್ನು ಕರೆತಂದರು. ಆತ ಬಂದದ್ದು ಲಿವರ್‌ಪೂಲ್‌ನಲ್ಲಿ ಆಗ ದೊಡ್ಡ ಹೆಸರಾಗಿದ್ದ ರೋರಿ ಸ್ಟಾರ್ಮ್ ಅಂಡ್ ದ ಹರಿಕೇನ್ಸ್ ತಂಡದಿಂದ.  ಸೆಪ್ಟೆಂಬರ್ 4ರಂದು ‘ಲವ್ ಮಿ ಡೂ’ ಹಾಡನ್ನು ರಿಂಗೋ ಬಾರಿಸಿ ಮುದ್ರಿಸಿದರು. ನಿರ್ಮಾಪಕ ಜಾರ್ಜ್ ಮಾರ್ಟಿನ್ ಪಾಳಯಕ್ಕೆ ತೃಪ್ತಿಯಾಗಲಿಲ್ಲ. ಸೆಪ್ಟೆಂಬರ್ 11ಕ್ಕೆ ಆಂಡಿ ವೈಟ್ ಎಂಬ ಸ್ಟುಡಿಯೋ ಡ್ರಮ್ಮರ್ ಬಂದು ಕೂತ. ರಿಂಗೋ ಕೈಗೆ ಟ್ಯಾಂಬೊರಿನ್ ಕೊಟ್ಟರು. ಟ್ಯಾಂಬೊರಿನ್ ಕೇಳಿಸಿದರೆ ಅದು ವೈಟ್ ಬಾರಿಸಿದ್ದು, ಇಲ್ಲದಿದ್ದರೆ ರಿಂಗೋನದು. ಇವತ್ತಿಗೂ ಗುರುತು ಹಿಡಿಯುವುದು ಹಾಗೇ. ಎರಡನ್ನೂ ಒಂದರ ಹಿಂದೊಂದು ಕೇಳಿದರೆ ಮಾರ್ಟಿನ್ ಅನ್ಯಾಯ ಮಾಡಿದ ಎನ್ನಲು ನನಗೆ ಮನಸ್ಸು ಬಾರದು. ವೈಟ್‌ನ ಪೆಟ್ಟು ಹೆಚ್ಚು ಬಿಗಿ. ಹೊಸ ತಂಡಕ್ಕೆ ಮೂರು ವಾರದ ಹಿಂದೆ ಬಂದ, ಸ್ಟುಡಿಯೋದಲ್ಲಿ ಹೆಚ್ಚು ಕೆಲಸ ಮಾಡಿರದ ಇಪ್ಪತ್ತೆರಡರ ಹುಡುಗ ಆ ದಿನ ಅಳುಕುತ್ತಿದ್ದದ್ದು ಕೇಳಿಸುತ್ತದೆ. ಆದರೆ ಐದೇ ತಿಂಗಳಲ್ಲಿ, 1963ರ ಫೆಬ್ರವರಿ 11ರಂದು, ಮೊದಲ ಆಲ್ಬಮ್ಮಿನ ಹತ್ತು ಹಾಡುಗಳನ್ನು ಒಂದೇ ದಿನದಲ್ಲಿ ಮುದ್ರಿಸಿದಾಗ ಡ್ರಮ್ಮಿನ ಹಿಂದೆ ಕೂತವನು ರಿಂಗೋನೇ. ಆಮೇಲೆ ಬೀಟಲ್ಸ್‌ಗೆ ಬಾಡಿಗೆ ಡ್ರಮ್ಮರ್ ಬೇಕಾಗಲಿಲ್ಲ. 1964ರ ಜೂನ್‌ನಲ್ಲಿ ಗಂಟಲು ಬಾವು ಬಂದು ಆತ ಆಸ್ಪತ್ರೆ ಸೇರಿದಾಗ ಜಿಮ್ಮಿ ನಿಕೋಲ್ ಕೆಲವು ಕಛೇರಿಗಳಿಗೆ ಬಂದದ್ದನ್ನು ಬಿಟ್ಟರೆ. ಆಗಲೂ ರಿಂಗೋ ಇಲ್ಲದೆ ಪ್ರವಾಸವೇ ಬೇಡ ಎಂದು ಹ್ಯಾರಿಸನ್ ಪಟ್ಟು ಹಿಡಿದಿದ್ದ.

ಬೀಟಲ್ಸ್‌ನ ಧ್ವನಿಮುದ್ರಣದ ಟೇಪುಗಳನ್ನೆಲ್ಲ ಕೂತು ಕೇಳಿದ ಲೂಯಿಸನ್ ಒಂದು ಮಾತು ದಾಖಲಿಸಿದ್ದಾನೆ: ಡ್ರಮ್ಮರ್‌ನ ತಪ್ಪಿನಿಂದ ನಿಂತುಹೋದ ಟೇಕುಗಳು ತೀರ ವಿರಳ. ಹಾಡುಗಾರ ಸಾಲು ಮರೆಯುತ್ತಾನೆ, ಗಿಟಾರ್ ಎಡವುತ್ತದೆ, ಡ್ರಮ್ ಎಡವುವುದಿಲ್ಲ. ಟೇಪು ಕತ್ತರಿಸಿ ಅಂಟಿಸುವ ಕಾಲದಲ್ಲಿ ಇದು ಬರೀ ಶಿಸ್ತಿನ ಮಾತಲ್ಲ. ಬೇರೆ ಬೇರೆ ಟೇಕುಗಳ ತುಂಡು ಜೋಡಿಸಿದರೂ ಹಾಡು ಮುರಿಯದೆ ನಿಲ್ಲಬೇಕಾದರೆ ಕಾಲಪ್ರಮಾಣ ಒಂದೇ ಆಗಿರಬೇಕು.

ನನ್ನ ವಾದದ ಹೃದಯ ಇರುವುದು 1966ರ ಏಪ್ರಿಲ್‌ನಲ್ಲಿ. ಆ ತಿಂಗಳ 6ನೇ ತಾರೀಕು ‘ಟುಮಾರೋ ನೆವರ್ ನೋಸ್’ ಶುರುವಾಯಿತು. ಹಾಡಿನ ತುಂಬ ಹೆಚ್ಚುಕಡಿಮೆ ಒಂದೇ ಸ್ವರಮೇಳ, ಹಿಂದೆ ತಂಬೂರಿಯ ಶ್ರುತಿ, ಸುತ್ತ ಟೇಪು ಸುರುಳಿಗಳಿಂದ ಏಳುವ ವಿಚಿತ್ರ ಸದ್ದುಗಳು. ಇದಕ್ಕೆಲ್ಲ ನೆಲ ಎಂದು ಇರುವುದು ಡ್ರಮ್ ಒಂದೇ. ರಿಂಗೋ ಒಂದು ನಡೆಯನ್ನು ಹಿಡಿದು ಮೂರು ನಿಮಿಷ ಅದನ್ನೇ ಬಾರಿಸುತ್ತಾನೆ. ಅಲಂಕಾರವಿಲ್ಲ, ತಿರುವುಗಳಿಲ್ಲ, ದಣಿವಿಲ್ಲ. ಇಂದಿನ ಕಂಪ್ಯೂಟರ್ ಸಂಗೀತದಲ್ಲಿ ಒಂದು ತುಣುಕನ್ನು ಸುತ್ತಿಸುತ್ತ ಬಿಡುವ ಪದ್ಧತಿಯನ್ನು ಈ ಮನುಷ್ಯ ಕೈಯಾರೆ ಮಾಡಿದ. ಅದೇ ತಿಂಗಳ ನಡುವೆ ಮುದ್ರಣವಾದ ‘ರೇನ್’ ಇದಕ್ಕೆ ನೇರ ವಿರುದ್ಧ. ಅಲ್ಲಿ ಡ್ರಮ್ ಒಂದು ಸಾಲಿನಲ್ಲಿ ಮಾಡಿದ್ದನ್ನು ಇನ್ನೊಂದರಲ್ಲಿ ಮಾಡುವುದಿಲ್ಲ. ಸ್ನೇರ್ ಮೇಲೆ ಬಿರುಸಾದ ಪೆಟ್ಟುಗಳು ಎಲ್ಲಿಂದಲೋ ನುಗ್ಗಿ ಬರುತ್ತವೆ, ಹಾಡಿನ ಜಡತನವನ್ನು ಹಿಂದಿನಿಂದ ಜಗ್ಗುತ್ತವೆ. ವಾದ್ಯಗಳನ್ನು ವೇಗವಾಗಿ ನುಡಿಸಿ, ಟೇಪನ್ನು ನಿಧಾನಗೊಳಿಸಿದ್ದರಿಂದ ಡ್ರಮ್ಮಿಗೆ ಒಂದು ಭಾರ ಬಂದಿದೆ. ತನ್ನ ಅತ್ಯುತ್ತಮ ಕೆಲಸ ಯಾವುದೆಂದು ಕೇಳಿದಾಗಲೆಲ್ಲ ರಿಂಗೋ ತೋರಿಸಿದ್ದು ಈ ಹಾಡನ್ನೇ. ಕಲಾವಿದರು ತಮ್ಮ ಅತ್ಯುತ್ತಮ ಕೃತಿಯನ್ನು ತಪ್ಪಾಗಿ ಗುರುತಿಸುವುದೇ ಹೆಚ್ಚು; ಇಲ್ಲಿ ಆತ ಹೇಳಿದ್ದು ಸರಿಯಾಗಿದೆ.

ಎರಡು ವಾರದೊಳಗೆ ಒಂದು ಕಡೆ ಯಂತ್ರ, ಇನ್ನೊಂದು ಕಡೆ ಕಾಡುಕುದುರೆ. ಇಷ್ಟು ದೂರದ ಎರಡು ತುದಿಗಳನ್ನು ಮುಟ್ಟಿದವನನ್ನು ಅದೃಷ್ಟವಂತ ಎಂದು ಕರೆಯುವುದು ಹೇಗೆ?

ಆದರೆ ಹೊಗಳುವವರು ಮರೆಮಾಚುವುದೂ ಒಂದಿದೆ. ‘ಟುಮಾರೋ ನೆವರ್ ನೋಸ್’ನ ಆ ಸದ್ದು ರಿಂಗೋ ಒಬ್ಬನದಲ್ಲ. ಇಪ್ಪತ್ತು ವರ್ಷದ ಎಂಜಿನಿಯರ್ ಜೆಫ್ ಎಮೆರಿಕ್ ಬಾಸ್ ಡ್ರಮ್ಮಿನೊಳಗೆ ಉಣ್ಣೆಯ ಸ್ವೆಟರ್ ತುರುಕಿ, ಮೈಕನ್ನು ಇಎಂಐ ಕಂಪನಿಯ ಕಟ್ಟಳೆ ಮೀರಿ ಹತ್ತಿರಕ್ಕೆ ತಂದು, ಸದ್ದನ್ನು ಹಿಂಡುವ ಯಂತ್ರದೊಳಗೆ ಹಾಯಿಸಿದ. ಇನ್ನು ‘ಟಿಕೆಟ್ ಟು ರೈಡ್’ (1965): ಮುಗ್ಗರಿಸಿ ನಡೆದಂತೆ ಕೇಳಿಸುವ ಅದರ ಡ್ರಮ್ಮನ್ನು ರಿಂಗೋನ ಪ್ರತಿಭೆಗೆ ಉದಾಹರಣೆಯಾಗಿ ಎಲ್ಲರೂ ಕೊಡುತ್ತಾರೆ. ಅದು ಪಾಲ್‌ನ ಸೂಚನೆ ಎಂದು ಲೆನನ್ ಹೇಳಿದ್ದ. ಪಾಲ್ ಅನೇಕ ಹಾಡುಗಳಲ್ಲಿ ಹೀಗೆ ಬಾರಿಸು, ಹಾಗೆ ಬಾರಿಸು ಎಂದು ಹೇಳುತ್ತಿದ್ದದ್ದು ಗುಟ್ಟೇನಲ್ಲ. 1968ರಲ್ಲಿ ರಿಂಗೋ ಬೇಸತ್ತು ಎದ್ದುಹೋದದ್ದಕ್ಕೆ ಅದೂ ಒಂದು ಕಾರಣ. ಆದರೆ ನಡೆ ಯಾರು ಸೂಚಿಸಿದರೂ ಅದನ್ನು ಎಳೆದಾಡಿ, ಎಲ್ಲಿ ಜಗ್ಗಬೇಕೋ ಅಲ್ಲಿ ಜಗ್ಗಿ, ಹಾಡಾಗಿಸಿದವರು ಯಾರು? ‘ಎ ಡೇ ಇನ್ ದ ಲೈಫ್’ನಲ್ಲಿ ಲೆನನ್‌ನ ಸಾಲುಗಳ ನಡುವೆ ಸಡಿಲ ಚರ್ಮದ ಟಾಮ್‌ಗಳು ಕೊಡುವ ಉತ್ತರಗಳನ್ನು ಕೇಳಿ. ಅವನ್ನು ತಾಳ ಎನ್ನುವುದು ತಪ್ಪು. ಅವು ಮಾತು. ಜೆನೆಸಿಸ್ ತಂಡದ ಡ್ರಮ್ಮರ್ ಫಿಲ್ ಕಾಲಿನ್ಸ್ ಈ ಫಿಲ್‌ಗಳನ್ನೇ ಎತ್ತಿ ತೋರಿಸಿ, ಇಂದಿನ ಒಳ್ಳೆಯ ಡ್ರಮ್ಮರ್‌ಗೂ ಇವು ಸುಲಭವಾಗಿ ಒಲಿಯುವುದಿಲ್ಲ ಎಂಬರ್ಥದಲ್ಲಿ ಹೇಳಿದ್ದಾನೆ.

ಹಾಗಾದರೆ ಇಷ್ಟು ಕಾಲ ಈ ಕಿವುಡು ಏಕೆ? ಅರವತ್ತರ ದಶಕದ ಕೊನೆಗೆ ಇಂಗ್ಲೆಂಡಿನಲ್ಲಿ ಡ್ರಮ್ಮಿನ ಎರಡು ದಾರಿಗಳು ಕವಲೊಡೆದವು. ಕ್ರೀಮ್ ತಂಡದ ಜಿಂಜರ್ ಬೇಕರ್, ದ ಹೂ ತಂಡದ ಕೀತ್ ಮೂನ್, ಲೆಡ್ ಜೆಪ್ಪೆಲಿನ್‌ನ ಜಾನ್ ಬಾನಮ್ ಒಂದು ಕಡೆ. ಡ್ರಮ್ಮನ್ನು ಹಿಂದಿನ ಸಾಲಿನಿಂದ ಎಳೆದು ವೇದಿಕೆಯ ಮುಂದಕ್ಕೆ ತಂದವರು. ಬೇಕರ್‌ನ ‘ಟೋಡ್’, ಬಾನಮ್‌ನ ‘ಮೋಬಿ ಡಿಕ್’ ಎಂದರೆ ಡ್ರಮ್ ಸೋಲೊ. ಉಳಿದವರು ಬದಿಗೆ ಸರಿಯಬೇಕು. ಇನ್ನೊಂದು ಕಡೆ ರಿಂಗೋ, ರೋಲಿಂಗ್ ಸ್ಟೋನ್ಸ್‌ನ ಚಾರ್ಲಿ ವಾಟ್ಸ್. ವಾಟ್ಸ್ ಜಾಜ್ ಕುಡಿದು ಬೆಳೆದವನು, ಆದರೂ ಸ್ನೇರ್ ಹೊಡೆಯುವ ಪೆಟ್ಟಿಗೆ ಹೈ-ಹ್ಯಾಟಿನಿಂದ ಕೈ ಎತ್ತಿಬಿಡುತ್ತಿದ್ದ, ಆ ಪೆಟ್ಟು ಒಂಟಿಯಾಗಿ ಕೇಳಲಿ ಎಂದು. ಇದು ಹಾಡಿಗಾಗಿ ಬಾರಿಸುವವರ ಪರಂಪರೆ. ಇದರ ಬೇರು ಇಂಗ್ಲೆಂಡಿನದಲ್ಲ. ನ್ಯೂ ಆರ್ಲಿಯನ್ಸ್‌ನಲ್ಲಿ ಲಿಟಲ್ ರಿಚರ್ಡ್‌ನಂಥವರಿಗೆ ಬಾರಿಸಿದ ಅರ್ಲ್ ಪಾಮರ್, ಡೆಟ್ರಾಯಿಟ್‌ನ ಮೋಟೌನ್ ಕಂಪನಿಯ ಬೆನ್ನಿ ಬೆಂಜಮಿನ್, ಮೆಂಫಿಸ್‌ನ ಆಲ್ ಜಾಕ್ಸನ್ ಜೂನಿಯರ್: ಈ ಕಪ್ಪು ಕಲಾವಿದರು ಕಟ್ಟಿದ ಮನೆ ಅದು. ಬೆಂಜಮಿನ್ ತೀರಿಕೊಂಡದ್ದು 1969ರಲ್ಲಿ. ಮೋಟೌನ್ ತನ್ನ ವಾದ್ಯಗಾರರ ಹೆಸರನ್ನು ಆಲ್ಬಮ್ಮಿನ ಹೊದಿಕೆಯ ಮೇಲೆ ಅಚ್ಚು ಹಾಕಿದ್ದು 1971ರಲ್ಲಿ, ಮಾರ್ವಿನ್ ಗೇ ಅವರ ‘ವಾಟ್ಸ್ ಗೋಯಿಂಗ್ ಆನ್’ ಬಂದಾಗ. ರಿಂಗೋಗೆ ಸಿಗದ ಮನ್ನಣೆಯ ಬಗ್ಗೆ ಕೊರಗುವವರು ಬೆಂಜಮಿನ್‌ನನ್ನೂ ನೆನೆಯಬೇಕು. ರಿಂಗೋಗೆ ಹೆಸರಾದರೂ ಇತ್ತು.

ಪತ್ರಿಕೆಗಳು ಡ್ರಮ್ಮರ್‌ಗಳಿಗೆ ಅಂಕ ಹಾಕತೊಡಗಿದಾಗ ಮೊದಲ ದಾರಿಯವರಿಗೇ ಅಂಕ ಹೆಚ್ಚು ಬಿತ್ತು. ವೇಗ ಅಳೆಯಬಹುದು, ಸೋಲೊ ಎಷ್ಟು ನಿಮಿಷ ಎಂದು ಎಣಿಸಬಹುದು. ಬಿಟ್ಟುಕೊಟ್ಟ ಪೆಟ್ಟನ್ನು ಎಣಿಸುವುದು ಹೇಗೆ? ಕರ್ನಾಟಕ ಸಂಗೀತದ ಕಚೇರಿಗೆ ಹೋಗುವವರಿಗೆ ಈ ಭೇದ ಹೊಸದಲ್ಲ. ತನಿ ಆವರ್ತನದಲ್ಲಿ ಮೃದಂಗದವರು ಲೆಕ್ಕಾಚಾರದ ಚಮತ್ಕಾರ ತೋರಿಸಿದಾಗ ಸಭೆ ಚಪ್ಪಾಳೆ ತಟ್ಟುತ್ತದೆ. ಅನುಪಲ್ಲವಿಯಲ್ಲಿ ಗಾಯಕರ ಉಸಿರು ಹಿಡಿದು ಹಗುರವಾಗಿ ನುಡಿಸಿದಾಗ ತಲೆದೂಗುವವರು ಕೆಲವರೇ. ಆದರೆ ಗಾಯಕರು ಮುಂದಿನ ಕಚೇರಿಗೆ ಯಾರನ್ನು ಕೇಳಿ ಕರೆಸಿಕೊಳ್ಳುತ್ತಾರೆ ಎಂಬುದು ಬಹುಮಟ್ಟಿಗೆ ಆ ಎರಡನೆಯದರ ಮೇಲೆ ನಿಂತಿರುತ್ತದೆ.

ಆ ಪರೀಕ್ಷೆಯನ್ನೇ ಬೀಟಲ್ಸ್‌ಗೂ ಹಚ್ಚಬಹುದು. ತಂಡ ಒಡೆದ ಮೇಲೆ, ಜಗತ್ತಿನ ಯಾವ ಡ್ರಮ್ಮರ್ ಬೇಕಾದರೂ ಸಿಗುತ್ತಿದ್ದಾಗ, ಇವರು ಯಾರನ್ನು ಕರೆದರು? 1970ರಲ್ಲಿ ಲೆನನ್ ತನ್ನ ‘ಪ್ಲಾಸ್ಟಿಕ್ ಓನೋ ಬ್ಯಾಂಡ್’ ಆಲ್ಬಮ್ಮಿಗೆ ಕರೆದದ್ದು ರಿಂಗೋನನ್ನು. ಅದರ ಬಹಳಷ್ಟು ಹಾಡುಗಳಲ್ಲಿ ಇರುವುದು ಒಂದು ಗಿಟಾರ್ ಅಥವಾ ಪಿಯಾನೋ, ಕ್ಲಾಸ್ ಫೋರ್ಮನ್‌ನ ಬಾಸ್, ಡ್ರಮ್, ಇಷ್ಟೇ. ಅಡಗಿಕೊಳ್ಳಲು ಜಾಗವಿಲ್ಲ. ತಾಯಿತಂದೆಯರ ಗಾಯ ಕೆದಕಿ ಕಿರುಚುವ ಆ ಹಾಡುಗಳಲ್ಲಿ ರಿಂಗೋ ಹೆಚ್ಚೂಕಡಿಮೆ ಏನೂ ಮಾಡುವುದಿಲ್ಲ. ಆ ‘ಏನೂ ಇಲ್ಲ’ವನ್ನು ಇಷ್ಟು ಗಟ್ಟಿಯಾಗಿ ಮಾಡಬಲ್ಲವರು ಎಷ್ಟು ಜನ? ಅದೇ ವರ್ಷ ಹ್ಯಾರಿಸನ್‌ನ ‘ಆಲ್ ಥಿಂಗ್ಸ್ ಮಸ್ಟ್ ಪಾಸ್’ನಲ್ಲೂ ರಿಂಗೋ ಇದ್ದ. ಮರುವರ್ಷ, 1971ರ ಆಗಸ್ಟ್ 1ರಂದು, ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಬಾಂಗ್ಲಾದೇಶದ ನಿರಾಶ್ರಿತರಿಗಾಗಿ ನಡೆದ ಕಛೇರಿಯಲ್ಲೂ ಇದ್ದ. ಪಂಡಿತ್ ರವಿಶಂಕರ್, ಅಲಿ ಅಕ್ಬರ್ ಖಾನ್ ಅವರ ಜೊತೆ ಉಸ್ತಾದ್ ಅಲ್ಲಾ ರಖಾ ತಬಲಾ ನುಡಿಸಿದ ವೇದಿಕೆ ಅದು.

ರವಿಶಂಕರ್ ಅವರ ಬಳಿ ಕಲಿತ ಹ್ಯಾರಿಸನ್ ಭಾರತದ ಲಯದ ಲೆಕ್ಕಗಳನ್ನು ಬೀಟಲ್ಸ್ ಹಾಡಿಗೂ ತಂದ. ‘ಹಿಯರ್ ಕಮ್ಸ್ ದ ಸನ್’ನ ನಡುಭಾಗದಲ್ಲಿ ಹನ್ನೊಂದು, ಎಂಟು, ಏಳು ಮಾತ್ರೆಗಳು ಒಂದರ ಹಿಂದೊಂದು ಬರುತ್ತವೆ. ಸ್ವರಲಿಪಿ ಓದಲು ಬಾರದ ರಿಂಗೋ ಅದನ್ನು ಲೆಕ್ಕದಿಂದ ಹಿಡಿಯದೆ, ಪ್ರತಿ ಸಲವೂ ಸಮಕ್ಕೆ ಬಂದು ಕೂರುವಂಥ ತನ್ನದೇ ಮೈಲೆಕ್ಕವೊಂದನ್ನು ಕಂಡುಕೊಂಡ. ಹಾಡು ಕೇಳುವ ಕೋಟ್ಯಂತರ ಜನರಿಗೆ ಅಲ್ಲಿ ತಾಳ ಬದಲಾದದ್ದೇ ಗೊತ್ತಾಗುವುದಿಲ್ಲ. ಭಾರತದ ಜೊತೆ ಆತನ ನೇರ ನಂಟು ಮಾತ್ರ ಅಷ್ಟಕ್ಕಷ್ಟೇ: 1968ರ ಫೆಬ್ರವರಿಯಲ್ಲಿ ಹೃಷೀಕೇಶಕ್ಕೆ ಬಂದವನು ಹತ್ತು ದಿನಕ್ಕೇ ಗಂಟುಮೂಟೆ ಕಟ್ಟಿದ. ಬಾಲ್ಯದ ಆ ಹೊಟ್ಟೆರೋಗದಿಂದಾಗಿ ಮಸಾಲೆ ಒಗ್ಗದೆ ಡಬ್ಬಿಯ ಬೇಯಿಸಿದ ಹುರುಳಿಬೀಜ ಹೊತ್ತು ತಂದಿದ್ದ.

ಇನ್ನು ದುಡ್ಡಿನ ಮಾತು. ಕಛೇರಿ, ಧ್ವನಿಮುದ್ರಿಕೆಗಳ ಮಾರಾಟದ ಆದಾಯ ನಾಲ್ವರಿಗೂ ಪಾಲಾಗುತ್ತಿತ್ತು. ಆದರೆ ಹಾಡು ಬರೆದವರ ಹಕ್ಕಿನ ದುಡ್ಡು ಬೇರೆ ಕಾಲುವೆ. 1965ರಲ್ಲಿ ನಾರ್ದರ್ನ್ ಸಾಂಗ್ಸ್ ಕಂಪನಿ ಷೇರುಪೇಟೆಗೆ ಬಂದಾಗ ಲೆನನ್, ಮೆಕಾರ್ಟ್ನಿ ತಲಾ ಶೇ 15ರಷ್ಟು ಇಟ್ಟುಕೊಂಡರೆ, ಹ್ಯಾರಿಸನ್ ಮತ್ತು ರಿಂಗೋ ಕೈಗೆ ಬಂದದ್ದು ತಲಾ ಶೇ 0.8. ಕಾನೂನಿನ ಕಣ್ಣಿಗೆ ಹಾಡು ಎಂದರೆ ಧಾಟಿ, ಸಾಹಿತ್ಯ. ‘ಕಮ್ ಟುಗೆದರ್’ ಎಂದೊಡನೆ ಯಾರಿಗೇ ಆಗಲಿ ಮೊದಲು ನೆನಪಾಗುವುದು ಬಾಸ್ ಮತ್ತು ಡ್ರಮ್ಮಿನ ಆ ಉರುಳು, ಅದಕ್ಕೆ ಹಕ್ಕುಪತ್ರವಿಲ್ಲ. ‘ಎ ಹಾರ್ಡ್ ಡೇಸ್ ನೈಟ್’, ‘ಟುಮಾರೋ ನೆವರ್ ನೋಸ್’ ಎಂಬ ಹೆಸರುಗಳು ಉದುರಿದ್ದೂ ರಿಂಗೋನ ಬಾಯಿಂದಲೇ. ಅದಕ್ಕೂ ಬಿಡಿಗಾಸಿಲ್ಲ. ಇದು ಹೀಗೇ ಇರಬೇಕೆಂದೇನಿರಲಿಲ್ಲ. 1962ರಲ್ಲೇ ಮೆಂಫಿಸ್‌ನಲ್ಲಿ ಬುಕರ್ ಟಿ ಅಂಡ್ ದ ಎಂಜೀಸ್ ತಂಡ ‘ಗ್ರೀನ್ ಆನಿಯನ್ಸ್’ ಕೃತಿಯನ್ನು ನಾಲ್ವರ ಹೆಸರಿನಲ್ಲೂ ಬರೆಸಿತು, ಡ್ರಮ್ಮರ್ ಆಲ್ ಜಾಕ್ಸನ್ ಸೇರಿ. ಆಮೇಲೆ ಅಮೆರಿಕದ ಆರ್.ಇ.ಎಂ. ತಂಡವೂ ಡ್ರಮ್ಮರ್ ಬಿಲ್ ಬೆರಿಗೆ ಸಮಪಾಲು ಕೊಟ್ಟಿತು. ಲೆನನ್–ಮೆಕಾರ್ಟ್ನಿ ಎಂಬ ಜೋಡಿಹೆಸರಿನ ಪ್ರಭೆ ಎಷ್ಟಿತ್ತೆಂದರೆ, ಇಂಥ ಪ್ರಶ್ನೆ ಬೀಟಲ್ಸ್‌ನಲ್ಲಿ ಎದ್ದದ್ದೇ ಅಪರೂಪ.

ವಿರೋಧಿಗಳ ಎರಡನೆಯ ಸಾಕ್ಷ್ಯ ಮೊದಲನೆಯದಕ್ಕಿಂತ ಗಟ್ಟಿ. 1968ರ ಆಗಸ್ಟ್ 22ರಂದು ರಿಂಗೋ ತಂಡ ಬಿಟ್ಟು ಸಾರ್ಡಿನಿಯಾ ದ್ವೀಪಕ್ಕೆ ಹೋದ. ಎರಡು ವಾರದೊಳಗೆ ಮರಳಿದಾಗ ಡ್ರಮ್ಮಿಗೆ ಹೂ ಮುಡಿಸಿ ಬರಮಾಡಿಕೊಂಡರು. ಆ ನಡುವೆ ‘ಬ್ಯಾಕ್ ಇನ್ ದ ಯುಎಸ್ಎಸ್ಆರ್’, ‘ಡಿಯರ್ ಪ್ರುಡೆನ್ಸ್’ ಹಾಡುಗಳಿಗೆ ಮುಖ್ಯವಾಗಿ ಪಾಲ್ ಡ್ರಮ್ ಬಾರಿಸಿದ. ಮೊದಲನೆಯದು ಗಟ್ಟಿ ಕುಟ್ಟುವಿಕೆ, ಅದಕ್ಕಿಂತ ಹೆಚ್ಚಿಲ್ಲ. ಆದರೆ ‘ಡಿಯರ್ ಪ್ರುಡೆನ್ಸ್’ನ ಕೊನೆಯ ಭಾಗದಲ್ಲಿ ಉಕ್ಕುವ ಡ್ರಮ್ ಚೆನ್ನಾಗಿದೆ, ಬಹಳ ಚೆನ್ನಾಗಿದೆ. ರಿಂಗೋ ಇಲ್ಲದಿದ್ದರೆ ಬೀಟಲ್ಸ್ ಹಾಡೇ ಇಲ್ಲ ಎನ್ನುವವರು ಇದನ್ನು ಕೇಳಿ ಸುಮ್ಮನಾಗಬೇಕು. ಆದರೆ ಅದು ರಿಂಗೋನ ಭಾಷೆಯಲ್ಲೇ ಆಡಿದ ಮಾತು ಎಂಬುದೂ ಕೇಳಿಸುತ್ತದೆ. ಆರು ವರ್ಷ ಅವನ ಎದುರು ನಿಂತು ಕಲಿತದ್ದು ಪಾಲ್ ಕೈಯಲ್ಲಿ ಬಂದಿದೆ.

ಆತನ ಮಿತಿಗಳನ್ನೂ ಹೇಳಿಬಿಡಬೇಕು. ಸ್ನೇರ್ ಮೇಲಿನ ನಯವಾದ ದೀರ್ಘ ಉರುಳು ಆತನಿಗೆ ಸುಲಭವಾಗಿ ಬರುವಂಥದ್ದಲ್ಲ. ಸೋಲೊ ಎಂದರೆ ಮೊದಲಿಂದಲೂ ಅಲರ್ಜಿ; ಬೀಟಲ್ಸ್ ಕಾಲದಲ್ಲಿ ಮುದ್ರಿಸಿದ್ದು ಒಂದೇ, ‘ದಿ ಎಂಡ್’ನಲ್ಲಿ, ಅದೂ ಉಳಿದವರ ಒತ್ತಾಯಕ್ಕೆ. 1989ರಿಂದ ತನ್ನದೇ ಆಲ್-ಸ್ಟಾರ್ ಬ್ಯಾಂಡ್ ಕಟ್ಟಿಕೊಂಡು ಊರೂರು ಸುತ್ತುವಾಗ ಪಕ್ಕದಲ್ಲಿ ಇನ್ನೊಬ್ಬ ಡ್ರಮ್ಮರ್ ಇದ್ದೇ ಇರುತ್ತಾನೆ. ಎಪ್ಪತ್ತರ ನಂತರ ಆತ ಬೇರೆಯವರ ಆಲ್ಬಮ್ಮುಗಳಲ್ಲಿ ಬಾರಿಸಿದ್ದರಲ್ಲಿ ಅರವತ್ತರ ದಶಕದ ಎತ್ತರ ಮುಟ್ಟಿದ್ದು ಕಡಿಮೆ. ಹಾಡು ದೊಡ್ಡದಿದ್ದಾಗ ರಿಂಗೋ ದೊಡ್ಡವನು. ಸಾಧಾರಣ ಹಾಡನ್ನು ಒಬ್ಬನೇ ಎತ್ತಿ ನಿಲ್ಲಿಸುವ ಬಾನಮ್‌ನ ತೋಳುಬಲ ಅವನಲ್ಲಿಲ್ಲ.

ರಿಂಗೋನನ್ನು ಕೇಳಿಸಿಕೊಳ್ಳದ ಆ ಕಿವುಡಿಗೆ ಯಂತ್ರದ ಕಾರಣವೂ ಇತ್ತು. 1963ರ ಅಕ್ಟೋಬರ್ ತನಕ ಬೀಟಲ್ಸ್ ಮುದ್ರಿಸಿದ್ದು ಎರಡು ಟ್ರ್ಯಾಕಿನಲ್ಲಿ, ಆಮೇಲೆ 1968ರವರೆಗೆ ನಾಲ್ಕರಲ್ಲಿ. ಡ್ರಮ್, ಬಾಸ್, ಗಿಟಾರ್ ಒಂದೇ ಟ್ರ್ಯಾಕಿನಲ್ಲಿ ಬೆಸೆದುಹೋದರೆ ಮುಂದೆ ಯಾರೂ ಬಿಡಿಸಲಾರರು. 2021ರ ‘ಗೆಟ್ ಬ್ಯಾಕ್’ ಸಾಕ್ಷ್ಯಚಿತ್ರಕ್ಕಾಗಿ ಪೀಟರ್ ಜಾಕ್ಸನ್ ತಂಡ ರೂಪಿಸಿದ ತಂತ್ರಜ್ಞಾನ ಆ ಗಂಟು ಬಿಚ್ಚಿತು. ಮರುವರ್ಷ ಜಾರ್ಜ್ ಮಾರ್ಟಿನ್ ಮಗ ಜೈಲ್ಸ್ ಮಾರ್ಟಿನ್ ‘ರಿವಾಲ್ವರ್’ ಆಲ್ಬಮ್ಮನ್ನು ಹೊಸದಾಗಿ ಮಿಶ್ರಣ ಮಾಡಿದಾಗ ಅರ್ಧ ಶತಮಾನ ಗಿಟಾರಿನ ಹಿಂದೆ ಹೂತಿದ್ದ ಡ್ರಮ್ ಎದ್ದು ಕೂತಿತು. ಆ ಸಾಕ್ಷ್ಯಚಿತ್ರವೂ ತನ್ನ ಕೆಲಸ ಮಾಡಿದೆ. 1969ರ ಜನವರಿಯ ಆ ಗಂಟೆಗಟ್ಟಲೆ ತುಣುಕುಗಳಲ್ಲಿ ಮೂವರು ವಾದಿಸುತ್ತಾರೆ, ಮುನಿಯುತ್ತಾರೆ, ಒಬ್ಬ ಎದ್ದೇ ಹೋಗುತ್ತಾನೆ. ರಿಂಗೋ ಹೊತ್ತಿಗೆ ಸರಿಯಾಗಿ ಬಂದು ಕೂತಿರುತ್ತಾನೆ. ಹಾಡಿನ ಎಳೆ ಸಿಕ್ಕಿತೋ ಇಲ್ಲವೋ, ಇವನ ಕೈ ಆಗಲೇ ಅದರ ನಡೆ ಹಿಡಿದಿರುತ್ತದೆ. ‘ಗೆಟ್ ಬ್ಯಾಕ್’ ಹಾಡಿನ ಸ್ನೇರ್ ಮೇಲಿನ ಕುದುರೆ ಓಟ ಇಲ್ಲದೆ ಆ ಹಾಡನ್ನು ಮನಸ್ಸಿನಲ್ಲಿ ಗುನುಗಲು ನೋಡಿ.

ಈಗ ಗಾಳಿ ತಿರುಗಿದೆ. ನಿನ್ನೆ ಗೇಲಿ ಮಾಡಿದವರೇ ಇಂದು ರಿಂಗೋ ಸರ್ವಶ್ರೇಷ್ಠ ಎನ್ನುತ್ತಿದ್ದಾರೆ. ನನಗೆ ಈ ಭಕ್ತಿಯೂ ಆ ಕುಚೋದ್ಯದಷ್ಟೇ ಸೋಮಾರಿಯಾಗಿ ಕಾಣುತ್ತದೆ. ಎರಡೂ ಕೇಳದೆ ಹೇಳುವ ಮಾತು. ಬಾನಮ್ ಜೊತೆ ಪಂದ್ಯಕ್ಕಿಳಿಸಿದರೆ ರಿಂಗೋ ಸೋಲುತ್ತಾನೆ, ಪಂದ್ಯವೇ ತಪ್ಪು. 1966ರಿಂದ 1969ರ ನಡುವಿನ ಹತ್ತು ಹನ್ನೆರಡು ಹಾಡುಗಳಲ್ಲಿ ಆತ ಪಕ್ಕವಾದ್ಯದವನಲ್ಲ, ರಚನೆಕಾರರಲ್ಲಿ ಒಬ್ಬ. ಹೊಗಳಿಕೆ ಅಲ್ಲ, ಆ ಪಾಲು ಅವನಿಗೆ ಸಲ್ಲಬೇಕಾದದ್ದು. ಅನುಮಾನವಿದ್ದವರು ‘ರಿವಾಲ್ವರ್’ನ 2022ರ ವಿಶೇಷ ಆವೃತ್ತಿಯೊಂದಿಗೆ ಬಂದ ‘ರೇನ್’ ಹಾಡಿನ ಹೊಸ ಮಿಶ್ರಣವನ್ನು ಹುಡುಕಿಕೊಳ್ಳಿ. ಒಳ್ಳೆಯ ಹೆಡ್‌ಫೋನ್ ಹಾಕಿಕೊಂಡು, ಹಾಡುಗಾರನನ್ನು ಅವನ ಪಾಡಿಗೆ ಬಿಟ್ಟು, ಮೂರು ನಿಮಿಷ ಸ್ನೇರ್ ಒಂದನ್ನೇ ಕೇಳಿ.